ಮನುಷ್ಯನೊಬ್ಬ ಕ್ರಿಯಾಪದವಾದ ಕಥೆ

ಹೆಸರು ಉಳಿಯಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದುದು. ಅದಕ್ಕಾಗಿ ಹಿಂದಿನವರು ಕೆರೆ ಕಟ್ಟಿಸಿದರು, ಅರವಟ್ಟಿಗೆಗಳನ್ನಿಟ್ಟರು, ಗುಡಿಗೆ ದತ್ತಿ ಬಿಟ್ಟು ಕಲ್ಲಿನ ಮೇಲೆ ಶಾಸನ ಕೊರೆಸಿದರು. ಇದಾವುದೂ ಕೈಲಾಗದವರು ಮೊಮ್ಮಗನಿಗೆ ತಮ್ಮ ಹೆಸರಿಡಿಸಿ ತೃಪ್ತಿಪಟ್ಟರು. ಇಂಥ ಯಾವ ಪ್ರಯತ್ನವನ್ನೂ ಮಾಡದೆ, ಬಂದ ಖ್ಯಾತಿಯನ್ನು ಕಂಡು ಬೆದರಿ, ಒಮ್ಮೆ ಕಡಲು ದಾಟುವಾಗ ತನ್ನ ಹೆಸರಿನ ಅರ್ಧವನ್ನೇ ಮರೆಮಾಡಿಕೊಂಡ ಒಬ್ಬ ಮನುಷ್ಯನುಂಟು. ಅವನು ಮರೆಮಾಡಿದ ಆ ಅರ್ಧವೇ ಇಂದು ಜಗತ್ತಿನ ಹತ್ತಾರು ಭಾಷೆಗಳ ನಿಘಂಟುಗಳಲ್ಲಿ ಅಚ್ಚಾಗಿದೆ. ಆತನ ಹೆಸರು ಚಾರ್ಲ್ಸ್ ಕನ್ನಿಂಗ್‌ಹ್ಯಾಮ್ ಬಾಯ್‌ಕಾಟ್.

‘ಬಾಯ್‌ಕಾಟ್’ ಎಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ಊರಿಗೆ ರಸ್ತೆಯಾಗಲಿಲ್ಲವೆಂದು ಹಳ್ಳಿಯವರು ಮತದಾನವನ್ನು ಬಾಯ್‌ಕಾಟ್ ಮಾಡುತ್ತಾರೆ. ವಿದ್ಯಾರ್ಥಿಗಳು ತರಗತಿಯನ್ನೂ ವಕೀಲರು ನ್ಯಾಯಾಲಯದ ಕಲಾಪವನ್ನೂ ಬಾಯ್‌ಕಾಟ್ ಮಾಡುತ್ತಾರೆ. ಅಕ್ಕನ ಮೇಲೆ ಮುನಿದ ತಂಗಿ ಅವಳ ಹುಟ್ಟುಹಬ್ಬದ ಪಾಯಸವನ್ನು ಬಾಯ್‌ಕಾಟ್ ಮಾಡುವುದಾಗಿ ಬೆದರಿಸುವುದೂ ಉಂಟು. ಇಷ್ಟೊಂದು ಬಳಕೆಯ ಈ ಶಬ್ದ ಇಂಗ್ಲಿಷಿನಲ್ಲಿ ೧೮೮೦ಕ್ಕಿಂತ ಹಿಂದೆ ಇರಲಿಲ್ಲ. ಅದು ಹುಟ್ಟಿದ ಊರು ಗೊತ್ತು, ತಿಂಗಳು ಗೊತ್ತು, ಹೆಸರಿಟ್ಟವರಾರೆಂಬುದೂ ಗೊತ್ತು. ಶಬ್ದವೊಂದರ ಜಾತಕ ಇಷ್ಟು ಖಚಿತವಾಗಿ ದೊರೆಯುವುದು ಅಪರೂಪ.

ಇಂಗ್ಲಿಷಿನಲ್ಲಿ ವ್ಯಕ್ತಿನಾಮದಿಂದ ಹುಟ್ಟಿದ ಕ್ರಿಯಾಪದಗಳು ಇನ್ನೂ ಹಲವು ಇವೆ. ಹಾಲನ್ನು ಹದವಾಗಿ ಕಾಯಿಸಿ ಕ್ರಿಮಿಗಳನ್ನು ನಾಶಮಾಡುವ ‘ಪ್ಯಾಶ್ಚರೈಸ್’ ಎಂಬ ಪದದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಇದ್ದಾನೆ. ‘ಮೆಸ್ಮರೈಸ್’ ಎಂಬುದರಲ್ಲಿ ಮೆಸ್ಮರ್ ಎಂಬ ವೈದ್ಯನಿದ್ದಾನೆ. ‘ಗ್ಯಾಲ್ವನೈಸ್’ ಎಂಬುದರಲ್ಲಿ ಕಪ್ಪೆಯ ಕಾಲಿನ ಮೇಲೆ ವಿದ್ಯುತ್ತಿನ ಪ್ರಯೋಗ ನಡೆಸಿದ ಇಟಲಿಯ ಗ್ಯಾಲ್ವನಿ ಇದ್ದಾನೆ. ಇವರೆಲ್ಲರೂ ಏನನ್ನೋ ಮಾಡಿದವರು. ಅವರು ಮಾಡಿದ ಕೆಲಸವೇ ಅವರ ಹೆಸರಿನ ಕ್ರಿಯಾಪದವಾಯಿತು. ಬಾಯ್‌ಕಾಟನ ವಿಷಯ ಹಾಗಲ್ಲ. ಅವನು ಯಾರನ್ನೂ ಬಾಯ್‌ಕಾಟ್ ಮಾಡಲಿಲ್ಲ. ಊರೇ ಸೇರಿ ಅವನನ್ನು ಬಾಯ್‌ಕಾಟ್ ಮಾಡಿತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಪಾಶ್ಚರ್ ತನ್ನ ಕ್ರಿಯಾಪದಕ್ಕೆ ಕರ್ತೃ. ಬಾಯ್‌ಕಾಟ್ ತನ್ನ ಕ್ರಿಯಾಪದಕ್ಕೆ ಕರ್ಮ.

ಇನ್ನೊಂದು ವಿಶೇಷವೂ ಇದೆ. ನಾಮಪದವನ್ನು ಕ್ರಿಯಾಪದವಾಗಿಸಲು ಕನ್ನಡದಲ್ಲಿ ‘ಇಸು’ ಪ್ರತ್ಯಯ ಬೇಕು: ಭಾವದಿಂದ ಭಾವಿಸು, ಕನ್ನಡದಿಂದ ಕನ್ನಡಿಸು. ಪಾಶ್ಚರನಿಗೂ ಮೆಸ್ಮರನಿಗೂ ಇಂಗ್ಲಿಷಿನವರು ಇಂಥದೊಂದು ಬಾಲವನ್ನು ಸೇರಿಸಿದರು. ಬಾಯ್‌ಕಾಟನ ಹೆಸರಿಗೆ ಅದೂ ಬೇಕಾಗಲಿಲ್ಲ. ಹೆಸರು ಇದ್ದಂತೆಯೇ ಕ್ರಿಯಾಪದವಾಯಿತು. ವ್ಯಕ್ತಿನಾಮದ ಗುರುತಾದ ಮೊದಲ ದೊಡ್ಡಕ್ಷರ ಮಾತ್ರ ಕಾಲಕ್ರಮದಲ್ಲಿ ಸಣ್ಣದಾಯಿತು.

ಸರೋವರದ ದಡದ ಮನೆ

ಬಾಯ್‌ಕಾಟ್ ಹುಟ್ಟಿದ್ದು ೧೮೩೨ರಲ್ಲಿ, ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಬರ್ಗ್ ಸೇಂಟ್ ಪೀಟರ್ ಎಂಬ ಹಳ್ಳಿಯಲ್ಲಿ. ಮನೆತನದ ಹೆಸರು ಮೊದಲಿಗೆ ‘ಬಾಯ್‌ಕ್ಯಾಟ್’ ಎಂದಿತ್ತು; ಅವನ ಬಾಲ್ಯದಲ್ಲಿ ಮನೆಯವರು ಅದರ ಒಂದಕ್ಷರವನ್ನು ಬದಲಿಸಿಕೊಂಡರು. ಹಾಗೆ ಬದಲಿಸದಿದ್ದರೆ ಇಂದಿನ ಪತ್ರಿಕೆಗಳ ತಲೆಬರಹಗಳು ಬೇರೊಂದು ಬಗೆಯಾಗಿರುತ್ತಿದ್ದವು! ತರುಣನಾಗಿ ಅವನು ಸೈನ್ಯವನ್ನು ಸೇರಿ ಐರ್ಲೆಂಡಿಗೆ ಬಂದ. ಜನ ಅವನನ್ನು ‘ಕ್ಯಾಪ್ಟನ್’ ಎಂದು ಕರೆಯುತ್ತಿದ್ದರೂ ಅದು ಗೌರವದ ಮಾತೇ ಹೊರತು ಸೈನ್ಯ ಕೊಟ್ಟ ಪದವಿಯಲ್ಲ. ಅಲ್ಲಿ ಅವನದು ಅಧಿಕಾರಿಗಳಲ್ಲೆಲ್ಲ ಕಿರಿಯ ಹುದ್ದೆ. ಕೆಲವೇ ವರ್ಷಗಳಲ್ಲಿ ಸೈನ್ಯವನ್ನು ಬಿಟ್ಟು, ಐರಿಷ್ ಕನ್ಯೆಯೊಬ್ಬಳನ್ನು ವರಿಸಿ, ಪಶ್ಚಿಮ ಐರ್ಲೆಂಡಿನ ಆಕಿಲ್ ದ್ವೀಪದಲ್ಲಿ ಬೇಸಾಯ ಮಾಡಿಕೊಂಡಿದ್ದ. ೧೮೭೦ರ ದಶಕದಲ್ಲಿ ಮೇಯೋ ಪ್ರಾಂತದ ಲಾಖ್ ಮಾಸ್ಕ್ ಸರೋವರದ ದಡಕ್ಕೆ ಬಂದು, ಅರ್ನ್ ಪ್ರಭುವಿನ ಜಮೀನಿಗೆ ಪಾರುಪತ್ಯಗಾರನಾದ.

ಅರ್ನ್ ಪ್ರಭು ದೊಡ್ಡ ಜಮೀನ್ದಾರ. ಐರ್ಲೆಂಡಿನಲ್ಲಿ ಅವನಿಗೆ ನಲವತ್ತು ಸಾವಿರ ಎಕರೆಗೂ ಮಿಕ್ಕಿ ಭೂಮಿಯಿತ್ತು. ಅದರಲ್ಲಿ ಬಾಯ್‌ಕಾಟನ ಪಾಲಿಗೆ ಬಂದದ್ದು ಸುಮಾರು ೧,೫೦೦ ಎಕರೆಯ ಉಸ್ತುವಾರಿ. ಒಕ್ಕಲುಗಳಿಂದ ಗೇಣಿ ವಸೂಲು ಮಾಡುವುದು, ಕೊಡದವರ ಮೇಲೆ ದಾವಾ ಹೂಡುವುದು, ಬಿಡಿಸಬೇಕಾದವರನ್ನು ಬಿಡಿಸುವುದು ಅವನ ಕೆಲಸ. ಅದರ ಜೊತೆಗೆ ಅಲ್ಲಿಯೇ ತಾನೂ ಜಮೀನು ಹಿಡಿದು ಬೇಸಾಯ ಮಾಡುತ್ತಿದ್ದ. ಅವನು ರಾಕ್ಷಸನೇನೂ ಅಲ್ಲ. ಹಟಮಾರಿ, ಕುದುರೆಯ ಷೋಕಿಯವನು, ಕಾಗದದಲ್ಲಿ ಇದ್ದಂತೆ ನಡೆಯಬೇಕೆನ್ನುವವನು. ಬೇಲಿಯ ಬಾಗಿಲು ಮುಚ್ಚಲಿಲ್ಲ, ದನ ಗಡಿ ದಾಟಿತು ಎಂಬ ಚಿಕ್ಕ ಕಾರಣಗಳಿಗೂ ದಂಡ ಹಾಕುತ್ತಾನೆಂಬುದು ಒಕ್ಕಲುಗಳ ದೂರು.

ಆ ಒಕ್ಕಲುಗಳ ಸ್ಥಿತಿಯನ್ನು ಅರಿಯದೆ ಮುಂದಿನ ಕಥೆ ಅರ್ಥವಾಗದು. ಐರ್ಲೆಂಡಿನ ನೆಲ ಬಹುಮಟ್ಟಿಗೆ ಕೆಲವೇ ಜಮೀನ್ದಾರರ ಕೈಯಲ್ಲಿತ್ತು. ಅವರಲ್ಲಿ ಅನೇಕರು ಆ ನೆಲದ ಮೇಲೆ ವಾಸವಾಗಿಯೂ ಇರಲಿಲ್ಲ. ಉಳುವವನಿಗೆ ನೆಲದ ಮೇಲೆ ಭದ್ರವಾದ ಹಕ್ಕಿಲ್ಲ. ೧೮೪೫ರಿಂದ ೧೮೪೯ರವರೆಗೆ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಬಂದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು; ಅಷ್ಟೇ ಜನ ಹಡಗನ್ನೇರಿ ದೇಶ ಬಿಟ್ಟರು. ಆ ನೆನಪು ಇನ್ನೂ ಹಸಿಯಾಗಿದ್ದಾಗಲೇ ೧೮೭೯ರಲ್ಲಿ ಬೆಳೆ ಮತ್ತೆ ಕೈಕೊಟ್ಟಿತು. ಅದೇ ವರ್ಷ ಮೇಯೋ ಪ್ರಾಂತದ ರೈತರ ನಡುವೆ ಹುಟ್ಟಿದ ಚಳವಳಿ ‘ಭೂಮಿ ಸಂಘ’ವೆಂಬ ದೇಶವ್ಯಾಪಿ ಸಂಸ್ಥೆಯಾಗಿ ಬೆಳೆಯಿತು. ಅದನ್ನು ಕಟ್ಟಿದವನು ಮೈಕೆಲ್ ಡೇವಿಟ್. ಬಾಲ್ಯದಲ್ಲಿ ಅವನ ಸಂಸಾರವನ್ನೇ ಮೇಯೋದ ಮನೆಯಿಂದ ಎಬ್ಬಿಸಿ ಹೊರಗೆ ಹಾಕಿದ್ದರು. ಅಧ್ಯಕ್ಷನಾದವನು ಪಾರ್ಲಿಮೆಂಟಿನ ಸದಸ್ಯ ಚಾರ್ಲ್ಸ್ ಸ್ಟೂಅರ್ಟ್ ಪಾರ್ನೆಲ್.

೧೮೮೦ರ ಸೆಪ್ಟೆಂಬರ್ ೧೯ರಂದು ಎನ್ನಿಸ್ ಪಟ್ಟಣದಲ್ಲಿ ಪಾರ್ನೆಲ್ ಒಂದು ಭಾಷಣ ಮಾಡಿದ. ಒಬ್ಬ ಒಕ್ಕಲನ್ನು ಬಿಡಿಸಿದ ಜಮೀನನ್ನು ಇನ್ನೊಬ್ಬ ಒಕ್ಕಲು ಹಿಡಿದರೆ ಅವನನ್ನು ಏನು ಮಾಡಬೇಕು? ಎಂದು ಸಭೆಯನ್ನು ಕೇಳಿದ. ‘ಗುಂಡಿಟ್ಟು ಕೊಲ್ಲಬೇಕು’ ಎಂಬ ಕೂಗು ಎದ್ದಿತು. ಅದಕ್ಕಿಂತ ಉತ್ತಮವಾದ, ಧರ್ಮಕ್ಕೆ ಒಪ್ಪುವ ಮಾರ್ಗವೊಂದಿದೆ ಎಂದು ಪಾರ್ನೆಲ್ ಹೇಳಿದ. ದಾರಿಯಲ್ಲಿ ಕಂಡರೆ ಮಾತನಾಡಿಸಬೇಡಿ. ಅಂಗಡಿಯಲ್ಲಿ, ಸಂತೆಯಲ್ಲಿ, ಕೊನೆಗೆ ಪ್ರಾರ್ಥನಾ ಮಂದಿರದಲ್ಲಿಯೂ ಅವನನ್ನು ಒಂಟಿಯಾಗಿ ಬಿಟ್ಟುಬಿಡಿ. ಹಿಂದಿನ ಕಾಲದ ಕುಷ್ಠರೋಗಿಯನ್ನು ಕಂಡಂತೆ ದೂರ ಸರಿಯಿರಿ ಎಂಬುದು ಅವನ ಮಾತಿನ ಸಾರ.

ಊರು ಮುಖ ತಿರುಗಿಸಿತು

ಪಾರ್ನೆಲ್ ಈ ಮಾತನ್ನಾಡಿದ ಮೂರನೆಯ ದಿನ ಲಾಖ್ ಮಾಸ್ಕಿನಲ್ಲಿ ಗಲಭೆಯಾಯಿತು. ಬೆಳೆ ಕೆಟ್ಟದ್ದರಿಂದ ಅರ್ನ್ ಪ್ರಭು ಗೇಣಿಯಲ್ಲಿ ನೂರಕ್ಕೆ ಹತ್ತರಷ್ಟು ಬಿಡಲು ಒಪ್ಪಿದ್ದ. ನೂರಕ್ಕೆ ಇಪ್ಪತ್ತೈದಾದರೂ ಬಿಡಬೇಕೆಂದು ಒಕ್ಕಲುಗಳು ಹಟ ಹಿಡಿದರು. ಪ್ರಭು ಒಪ್ಪಲಿಲ್ಲ. ಬಾಯ್‌ಕಾಟ್ ಹನ್ನೊಂದು ಒಕ್ಕಲುಗಳ ಮೇಲೆ ಜಮೀನು ಬಿಡಿಸುವ ನೋಟೀಸು ತಂದ. ಸೆಪ್ಟೆಂಬರ್ ೨೨ರಂದು ಕೋರ್ಟಿನ ಅಮೀನ ಹದಿನೇಳು ಜನ ಪೋಲೀಸರೊಡನೆ ಹೊರಟು ಮೂರು ಮನೆಗಳಿಗೆ ನೋಟೀಸು ಮುಟ್ಟಿಸಿದ. ನಾಲ್ಕನೆಯ ಮನೆಯ ಗೃಹಿಣಿ ಅದನ್ನು ಮುಟ್ಟಲೊಲ್ಲದೆ, ಕೆಂಪು ಬಾವುಟವೊಂದನ್ನು ಬೀಸಿ ಅಕ್ಕಪಕ್ಕದವರಿಗೆ ಸನ್ನೆ ಮಾಡಿದಳು. ಸುತ್ತಣ ಹೊಲಗಳಿಂದ ಹೆಂಗಸರು ಓಡಿ ಬಂದರು. ಕಲ್ಲು, ಕೆಸರು, ಸಗಣಿ ಕೈಗೆ ಸಿಕ್ಕಿದ್ದನ್ನೆಲ್ಲ ಎರಚಿದರು. ಅಮೀನನೂ ಪೋಲೀಸರೂ ಬಾಯ್‌ಕಾಟನ ಮನೆಯೊಳಗೆ ಹೊಕ್ಕು ಬಾಗಿಲು ಹಾಕಿಕೊಳ್ಳಬೇಕಾಯಿತು.

ಅಲ್ಲಿಂದ ಮುಂದೆ ನಡೆದುದು ಗಲಭೆಯಲ್ಲ, ಮೌನ. ಹೊಲದ ಆಳುಗಳು ಕೆಲಸ ಬಿಟ್ಟರು. ಮನೆಯ ಕೆಲಸದವರು ಹೊರಟುಹೋದರು. ಕಮ್ಮಾರ ಕುದುರೆಗೆ ಲಾಳ ಹೊಡೆಯಲೊಲ್ಲ. ಅಗಸಗಿತ್ತಿ ಬಟ್ಟೆ ಒಗೆಯಲೊಲ್ಲಳು. ಅಂಚೆ ತರುವ ಹುಡುಗ ನಿಂತುಹೋದ. ಹತ್ತಿರದ ಬ್ಯಾಲಿನ್‌ರೋಬ್ ಪೇಟೆಯ ವರ್ತಕರು ದುಡ್ಡು ಕೊಟ್ಟರೂ ರೊಟ್ಟಿ ಮಾರಲಿಲ್ಲ. ಬೆಳೆದು ನಿಂತ ಬೆಳೆ ಕೊಯ್ಯುವವರಿಲ್ಲದೆ ಹೊಲದಲ್ಲಿಯೇ ಉಳಿಯಿತು. ಹಾದಿಯಲ್ಲಿ ಎದುರಾದವರು ಮುಖ ತಿರುಗಿಸಿದರು. ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಊರಿನ ದೊಡ್ಡ ಮನುಷ್ಯನಾಗಿದ್ದವನು ತಿಂಗಳು ಮುಗಿಯುವುದರೊಳಗೆ ಆ ಊರಿನಲ್ಲಿ ಇಲ್ಲದವನಂತಾದ.

ಹೆಸರಿಟ್ಟ ಪಾದ್ರಿ

ಆ ಊರಿನ ಪಾದ್ರಿ ಜಾನ್ ಓಮ್ಯಾಲಿ. ರೈತರ ಪಕ್ಷಪಾತಿ, ಆದರೆ ರಕ್ತ ಹರಿಯಬಾರದೆಂಬ ನಿಲುವಿನವನು. ಸೆಪ್ಟೆಂಬರ್ ೨೩ರ ರಾತ್ರಿ ಅವನ ಮನೆಯಲ್ಲಿ ಜೇಮ್ಸ್ ರೆಡ್‌ಪಾತ್ ಎಂಬ ಅಮೆರಿಕದ ಪತ್ರಕರ್ತ ಊಟಕ್ಕೆ ಕುಳಿತಿದ್ದ. ಊಟ ಸೇರದೆ ಯೋಚನೆಯಲ್ಲಿ ಮುಳುಗಿದ್ದ ಅತಿಥಿಯನ್ನು ಕಂಡು ಪಾದ್ರಿ ಕಾರಣ ಕೇಳಿದ. ‘ಒಂದು ಶಬ್ದಕ್ಕಾಗಿ ತಡಕಾಡುತ್ತಿದ್ದೇನೆ’ ಎಂದ ರೆಡ್‌ಪಾತ್. ಜಮೀನು ಕಬಳಿಸಿದ ರೈತನನ್ನು ಜನ ದೂರವಿಟ್ಟರೆ ಅದನ್ನು ಕರೆಯಲು ಮಾತಿದೆ. ಬಾಯ್‌ಕಾಟನಂಥ ಪಾರುಪತ್ಯಗಾರನನ್ನು ದೂರವಿಟ್ಟರೆ ಅದಕ್ಕೆ ಬೇರೆ ಮಾತು ಬೇಕು. ‘ಆಸ್ಟ್ರಸೈಸ್’ ಎಂಬ ಶಬ್ದವೇನೋ ಇತ್ತು. ಆದರೆ ಅದು ಹಳ್ಳಿಯ ಜನಕ್ಕೆ ಅರ್ಥವಾಗುವಂಥದಲ್ಲ.

ಆ ಶಬ್ದದ ಕುಲವೂ ತಿಳಿಯತಕ್ಕದ್ದೇ. ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೆನ್ಸ್ ನಗರದಲ್ಲಿ, ರಾಜ್ಯಕ್ಕೆ ಅಪಾಯಕಾರಿಯೆಂದು ತೋರಿದವನ ಹೆಸರನ್ನು ಪೌರರು ಮಡಕೆಯ ಚೂರಿನ ಮೇಲೆ ಗೀಚಿ ಹಾಕುತ್ತಿದ್ದರು. ಚೂರುಗಳ ಎಣಿಕೆಯಲ್ಲಿ ಸಿಕ್ಕಿಬಿದ್ದವನು ಹತ್ತು ವರ್ಷ ನಗರವನ್ನು ಬಿಟ್ಟು ಹೋಗಬೇಕು. ಮಡಕೆಯ ಚೂರಿಗೆ ಗ್ರೀಕ್ ಭಾಷೆಯಲ್ಲಿ ‘ಆಸ್ಟ್ರಕಾನ್’ ಎಂದು ಹೆಸರು. ಅದರಿಂದ ಬಂದದ್ದು ‘ಆಸ್ಟ್ರಸೈಸ್’. ಪಂಡಿತರ ಶಬ್ದ ಸುಂದರವೇ. ಆದರೆ ಮೇಯೋದ ಆಲೂಗೆಡ್ಡೆಯ ಹೊಲದಲ್ಲಿ ಅದು ಯಾರ ನಾಲಗೆಗೂ ಹೊರಳದು. ಪಾದ್ರಿ ತಲೆ ತಗ್ಗಿಸಿ, ಹಣೆಯನ್ನು ಬೆರಳಿನಿಂದ ತಟ್ಟಿಕೊಳ್ಳುತ್ತ, ‘ಬಾಯ್‌ಕಾಟ್ ಮಾಡುವುದು ಎಂದರೆ ಹೇಗಿರುತ್ತದೆ?’ ಎಂದ. ಈ ಸಂಗತಿಯನ್ನು ರೆಡ್‌ಪಾತನೇ ಮುಂದೆ ಬರೆದಿಟ್ಟಿದ್ದಾನೆ. ಶಬ್ದವನ್ನು ಕೊಟ್ಟವನು ಪಾದ್ರಿ. ಅಕ್ಟೋಬರ್ ೧೨ರಂದು ಚಿಕಾಗೋದ ಪತ್ರಿಕೆಯಲ್ಲಿ ಅದನ್ನು ಅಚ್ಚಿಗೆ ಕೊಟ್ಟವನು ಪತ್ರಕರ್ತ.

ಒಂದು ಗೆಡ್ಡೆಗೆ ಒಂದು ಷಿಲ್ಲಿಂಗ್

ಬಾಯ್‌ಕಾಟನೇ ತನ್ನ ಹೆಸರನ್ನು ಇನ್ನಷ್ಟು ದೂರಕ್ಕೆ ಸಾಗಿಸಿದ. ತನ್ನ ಕಷ್ಟವನ್ನೆಲ್ಲ ವಿವರಿಸಿ ಲಂಡನಿನ ‘ಟೈಮ್ಸ್’ ಪತ್ರಿಕೆಗೆ ಒಂದು ಕಾಗದ ಬರೆದ. ಅದು ಅಕ್ಟೋಬರ್ ೧೮ರಂದು ಪ್ರಕಟವಾಯಿತು. ಇಂಗ್ಲೆಂಡಿನ ಓದುಗರ ಮನಸ್ಸು ಕರಗಿತು. ವರದಿಗಾರರು ಲಾಖ್ ಮಾಸ್ಕಿಗೆ ಧಾವಿಸಿದರು. ನಿಧಿಯೊಂದನ್ನು ಕೂಡಿಸಿ, ಉತ್ತರದ ಕ್ಯಾವನ್ ಮತ್ತು ಮೊನಹನ್ ಪ್ರಾಂತಗಳಿಂದ ಐವತ್ತು ಜನ ಸ್ವಯಂಸೇವಕರನ್ನು ಬೆಳೆ ಕೀಳಲು ಕಳುಹಿಸಿದರು. ಅವರ ಕಾವಲಿಗೆ ಸರ್ಕಾರ ಸುಮಾರು ಒಂದು ಸಾವಿರ ಸೈನಿಕರನ್ನೂ ಪೋಲೀಸರನ್ನೂ ನಿಯೋಜಿಸಿತು.

ನವೆಂಬರಿನ ಸುರಿಯುವ ಮಳೆಯಲ್ಲಿ ಈ ದಂಡು ಬ್ಯಾಲಿನ್‌ರೋಬಿನಿಂದ ಲಾಖ್ ಮಾಸ್ಕಿಗೆ ನಡೆದು ಬಂದಿತು. ಬಾಯ್‌ಕಾಟನ ತೋಟದಲ್ಲಿ ಡೇರೆಗಳೆದ್ದವು. ಎರಡು ವಾರ ಕೆಸರಿನಲ್ಲಿ ನಿಂತು ಸ್ವಯಂಸೇವಕರು ಆಲೂಗೆಡ್ಡೆ, ಟರ್ನಿಪ್ ಗೆಡ್ಡೆಗಳನ್ನು ಕಿತ್ತರು, ಧಾನ್ಯವನ್ನು ಬಡಿದರು. ಬೆಳೆಯ ಒಟ್ಟು ಬೆಲೆ ಸುಮಾರು ಐನೂರು ಪೌಂಡು. ಅದನ್ನು ಕೀಳಿಸಲು ತಗುಲಿದ ವೆಚ್ಚ ಸುಮಾರು ಹತ್ತು ಸಾವಿರ ಪೌಂಡೆಂದು ಅಂದಾಜಾಯಿತು. ಬಾಯ್‌ಕಾಟನ ಹೊಲದಿಂದ ಕಿತ್ತ ಒಂದೊಂದು ಟರ್ನಿಪ್ಪಿಗೂ ಸರ್ಕಾರಕ್ಕೆ ಒಂದೊಂದು ಷಿಲ್ಲಿಂಗ್ ಖರ್ಚು ಬಿದ್ದಿತೆಂದು ಪಾರ್ನೆಲ್ ಹಾಸ್ಯಮಾಡಿದ.

ಸೈನ್ಯಕ್ಕೆ ಹೊಡೆದಾಡಲು ಎದುರಾಳಿಯೇ ಸಿಕ್ಕಲಿಲ್ಲ. ಮನೆಯಿಂದ ಹೊರಗೆ ಬರಬೇಡಿರೆಂದು ಓಮ್ಯಾಲಿ ಊರವರಿಗೆಲ್ಲ ಹೇಳಿದ್ದ. ದಂಡು ಹಿಂತಿರುಗುವ ದಿನ ಹಾದಿಯಲ್ಲಿ ಒಬ್ಬ ಮುದುಕಿ ಮಾತ್ರ ನಿಂತಿದ್ದಳಂತೆ. ‘ರಾಣಿಯ ಸೈನ್ಯವನ್ನು ಹೆದರಿಸಬೇಡವೆಂದು ನಿನಗೆ ಹೇಳಿರಲಿಲ್ಲವೆ?’ ಎಂದು ಪಾದ್ರಿ ಅವಳನ್ನು ಗದರಿಸಿದನೆಂಬ ಕಥೆ ಉಳಿದುಬಂದಿದೆ.

ನವೆಂಬರ್ ೨೭ರಂದು ಬಾಯ್‌ಕಾಟ್ ಸಂಸಾರಸಮೇತ ಲಾಖ್ ಮಾಸ್ಕನ್ನು ಬಿಟ್ಟ. ಬಂಡಿ ಹೊಡೆಯಲು ಒಬ್ಬನೂ ಒಪ್ಪದ್ದರಿಂದ ಸೈನ್ಯದ ರೋಗಿಗಳ ಗಾಡಿಯಲ್ಲಿ ಹೋಗಬೇಕಾಯಿತು. ಡಬ್ಲಿನ್ ನಗರದಲ್ಲಿ ಅವನು ಇಳಿದುಕೊಂಡ ಹೋಟೆಲಿನವನಿಗೂ ಬೆದರಿಕೆಯ ಕಾಗದ ಬಂದಿತು: ಇವನನ್ನು ಇರಿಸಿಕೊಂಡರೆ ನಿನ್ನನ್ನೂ ಬಾಯ್‌ಕಾಟ್ ಮಾಡುತ್ತೇವೆ! ಬಾಯ್‌ಕಾಟನ ಎದುರಿಗೇ ಅವನ ಹೆಸರು ಇನ್ನೊಬ್ಬನ ಮೇಲೆ ಪ್ರಯೋಗಕ್ಕೆ ಸಿದ್ಧವಾಗಿತ್ತು. ಅದೇ ತಿಂಗಳಲ್ಲಿ ‘ಟೈಮ್ಸ್’ ಪತ್ರಿಕೆಯೂ ಬೇರೊಂದು ಊರಿನ ಸುದ್ದಿಯನ್ನು ಹೇಳುವಾಗ ಆ ಕ್ರಿಯಾಪದವನ್ನು ಬಳಸಿತ್ತು.

ಮರು ವರ್ಷ ಅಮೆರಿಕಕ್ಕೆ ಹೋಗುವಾಗ ಅವನು ‘ಚಾರ್ಲ್ಸ್ ಕನ್ನಿಂಗ್‌ಹ್ಯಾಮ್’ ಎಂದಷ್ಟೇ ಹೇಳಿಕೊಂಡ. ಆದರೂ ಪತ್ರಿಕೆಗಳವರು ಗುರುತು ಹಿಡಿದರು. ಲಾಖ್ ಮಾಸ್ಕಿಗೆ ಹಿಂತಿರುಗಿ ಕೆಲವು ವರ್ಷ ಕಳೆದು, ೧೮೮೬ರಲ್ಲಿ ಇಂಗ್ಲೆಂಡಿನ ಸಫಕ್ ಪ್ರಾಂತದ ಫ್ಲಿಕ್ಸ್‌ಟನ್ನಿನಲ್ಲಿ ಪಾರುಪತ್ಯದ ಕೆಲಸ ಹಿಡಿದ. ಆಕ್ಸ್‌ಫರ್ಡಿನ ಮಹಾನಿಘಂಟಿನ ಮೊದಲ ಸಂಪುಟ ೧೮೮೮ರಲ್ಲಿ ಪೂರ್ಣಗೊಂಡಾಗ ಅವನ ಹೆಸರು ಅದರಲ್ಲಿ ಒಂದು ಶಬ್ದವಾಗಿ ಸೇರಿಹೋಗಿತ್ತು. ಶಬ್ದದ ಮೂಲಪುರುಷ ಅನಂತರ ಒಂಬತ್ತು ವರ್ಷ ಬದುಕಿದ್ದು, ೧೮೯೭ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಫ್ರೆಂಚರು, ಜರ್ಮನರು, ಡಚ್ಚರು, ರಷ್ಯನರು ತಂತಮ್ಮ ಉಚ್ಚಾರಣೆಯಲ್ಲಿ ಆ ಶಬ್ದವನ್ನು ತಮ್ಮದಾಗಿಸಿಕೊಂಡಿದ್ದರು.

ಮೇಯೋದ ರೈತರಿಗೆ ಇದರಿಂದ ಬಂದ ಲಾಭವೇನು? ೧೮೮೧ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಐರ್ಲೆಂಡಿಗಾಗಿ ಹೊಸ ಭೂಶಾಸನವನ್ನು ಮಾಡಿ, ನ್ಯಾಯವಾದ ಗೇಣಿಯನ್ನು ಗೊತ್ತುಮಾಡಲು ನ್ಯಾಯಮಂಡಲಿಗಳನ್ನು ಏರ್ಪಡಿಸಿತು. ೧೯೦೩ರ ಶಾಸನ ಒಕ್ಕಲುಗಳು ಸರ್ಕಾರದ ಸಾಲದ ನೆರವಿನಿಂದ ಭೂಮಿಯನ್ನು ಕೊಂಡುಕೊಳ್ಳುವ ದಾರಿಯನ್ನು ವಿಶಾಲವಾಗಿ ತೆರೆಯಿತು. ಇದೆಲ್ಲ ಲಾಖ್ ಮಾಸ್ಕಿನ ಒಂದು ಶರತ್ಕಾಲದ ಫಲವೆನ್ನಲಾಗದು. ಆದರೆ ಬಂದೂಕಿಲ್ಲದ ಬಡವರು ಒಟ್ಟಾಗಿ ‘ಒಲ್ಲೆ’ ಎಂದರೆ ಸಾವಿರ ಸೈನಿಕರೂ ಅವರಿಂದ ಒಂದು ಲಾಳ ಹೊಡೆಸಲಾರರೆಂಬುದನ್ನು ಆ ಶರತ್ಕಾಲ ತೋರಿಸಿಕೊಟ್ಟಿತು.

ಭಾರತಕ್ಕೆ ಬಂದ ಶಬ್ದ

ಈ ಪಾಠ ಭಾರತದ ದೇಶಭಕ್ತರ ಕಿವಿಗೂ ಬಿದ್ದಿತು. ಬಂಗಾಳದ ವಿಭಜನೆಯನ್ನು ವಿರೋಧಿಸಿ ೧೯೦೫ರ ಆಗಸ್ಟ್ ೭ರಂದು ಕಲ್ಕತ್ತೆಯ ಪುರಭವನದಲ್ಲಿ ನೆರೆದ ಸಭೆ ಬ್ರಿಟಿಷ್ ಸರಕನ್ನು ‘ಬಾಯ್‌ಕಾಟ್’ ಮಾಡಲು ನಿರ್ಧರಿಸಿತು. ಐರ್ಲೆಂಡಿನಲ್ಲಿ ಒಬ್ಬ ಮನುಷ್ಯನ ಮೇಲೆ ಬಿದ್ದ ಏಟು ಇಲ್ಲಿ ಮ್ಯಾಂಚೆಸ್ಟರಿನ ಬಟ್ಟೆಯ ಮೇಲೆ ಬಿದ್ದಿತು. ಇಂಗ್ಲಿಷ್ ಶಬ್ದವನ್ನು ದೇಶಭಾಷೆಗಳಿಗೆ ತರಬೇಕಾದಾಗ ಪತ್ರಿಕೆಗಳವರಿಗೆ ಸಿದ್ಧವಾಗಿ ದೊರೆತ ಮಾತು ‘ಬಹಿಷ್ಕಾರ’.

ಇಲ್ಲಿಯೇ ಒಂದು ತೊಡಕು ಹುಟ್ಟಿತು. ‘ಬಹಿಸ್’ ಎಂದರೆ ಹೊರಗೆ. ಬಹಿಷ್ಕಾರವೆಂದರೆ ಹೊರಗೆ ಮಾಡುವುದು. ಇದು ೧೯೦೫ರಲ್ಲಿ ಹುಟ್ಟಿದ ಶಬ್ದವಲ್ಲ, ನಮ್ಮ ಹಳೆಯ ಶಬ್ದ. ಶಬ್ದಕ್ಕೆ ತಕ್ಕ ಅನುಭವವೂ ಹಳೆಯದು. ಕುಲದಿಂದ ಹೊರಗೆ ಹಾಕುವುದು, ಪಂಕ್ತಿಯಿಂದ ಹೊರಗಿಡುವುದು, ನೀರು ಬೆಂಕಿ ನಿಲ್ಲಿಸುವುದು ಎಂದು ಹಳ್ಳಿಗಳಲ್ಲಿ ಕೇಳಿಬರುತ್ತಿದ್ದ ಮಾತುಗಳೆಲ್ಲ ಅದರ ಬಳಗವೇ. ೧೮೮೮ರಲ್ಲಿ ಗಾಂಧೀಜಿಯವರು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೊರಟಾಗ ಮುಂಬಯಿಯಲ್ಲಿ ಅವರ ಜಾತಿಯ ಪಂಚಾಯಿತಿ ಅವರನ್ನು ಬಹಿಷ್ಕರಿಸಿತು. ನೆರವು ನೀಡಿದವರಿಗೂ ಬೀಳ್ಕೊಡಲು ಬಂದರಿಗೆ ಹೋದವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿತು. ಹಿಂತಿರುಗಿ ಬಂದ ಮೇಲೆಯೂ ಸ್ವಂತ ಅಕ್ಕನ ಮನೆಯಲ್ಲಿ ಅವರು ಬಹಿರಂಗವಾಗಿ ನೀರು ಕುಡಿಯುವಂತಿರಲಿಲ್ಲ.

ಹೀಗೆ ಒಂದೇ ಕನ್ನಡ ಶಬ್ದ ಎರಡು ಹೊರೆಗಳನ್ನು ಹೊತ್ತಿತು. ಆಳುವವನಿಗೆ ಆಳಲ್ಪಡುವವರು ಕೊಡುವ ಉತ್ತರವೂ ಬಹಿಷ್ಕಾರ. ಕಟ್ಟು ಮೀರಿದವನಿಗೆ ಬಲಿಷ್ಠರು ವಿಧಿಸುವ ಶಿಕ್ಷೆಯೂ ಬಹಿಷ್ಕಾರ.

ಆ ಶಿಕ್ಷೆಯನ್ನು ಸ್ವತಃ ಕಂಡಿದ್ದ ಗಾಂಧೀಜಿಯವರು ಈ ಆಯುಧವನ್ನು ಹಿಡಿಯುವಾಗ ಬಹಳ ಎಚ್ಚರ ವಹಿಸಿದರು. ಬ್ರಿಟಿಷರ ಸರಕನ್ನಷ್ಟೇ ಹಗೆಯಿಂದ ಬಾಯ್‌ಕಾಟ್ ಮಾಡುವುದರಲ್ಲಿ ಸೇಡಿನ ವಾಸನೆಯಿದೆಯೆಂದೂ, ಸ್ವದೇಶಿ ಅದಕ್ಕಿಂತ ಭಿನ್ನವಾದ ಧರ್ಮವೆಂದೂ ಅವರು ಮೊದಮೊದಲು ವಾದಿಸುತ್ತಿದ್ದರು. ೧೯೨೦ರಲ್ಲಿ ಅಸಹಕಾರ ಆರಂಭವಾದಾಗ ಶಾಲೆ, ನ್ಯಾಯಾಲಯ, ಶಾಸನಸಭೆಗಳ ಬಹಿಷ್ಕಾರಕ್ಕೆ ಅವರೇ ಕರೆಕೊಟ್ಟರು. ಆದರೆ ಅಸಹಕಾರಕ್ಕೆ ಸೇರದ ನೆರೆಯವನಿಗೆ ವೈದ್ಯನನ್ನೂ ನೀರನ್ನೂ ತಪ್ಪಿಸುವುದು ಅಮಾನುಷವೆಂದು ಅವರು ಎಚ್ಚರಿಸಿದರು. ೧೯೨೮ರ ಬಾರ್ಡೋಲಿ ಸತ್ಯಾಗ್ರಹದಲ್ಲಿಯೂ ಅದೇ ಬುದ್ಧಿಮಾತು: ವಿರೋಧಿಯ ಔತಣಕ್ಕೆ ಹೋಗದಿರಬಹುದು, ಅವನ ಅನ್ನ ನೀರನ್ನು ತಡೆಯಬಾರದು.

ಕರ್ನಾಟಕದಲ್ಲಿಯೂ ಪಾರ್ನೆಲ್ ಕೇಳಿದ ಪ್ರಶ್ನೆಯೇ ಒಮ್ಮೆ ಎದುರಾಗಿತ್ತು. ೧೯೩೦ರ ದಶಕದ ಆರಂಭದಲ್ಲಿ ಉತ್ತರ ಕನ್ನಡದ ಅಂಕೋಲೆ, ಸಿದ್ದಾಪುರಗಳ ರೈತರು ಕರನಿರಾಕರಣೆ ಮಾಡಿ ಆಸ್ತಿಯನ್ನು ಕಳೆದುಕೊಂಡರು. ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವನನ್ನು ಏನು ಮಾಡಬೇಕು? ಸಿದ್ದಾಪುರದ ಕಡೆಯ ಮಾವಿನಗುಂಡಿಯಲ್ಲಿ ಹೆಂಗಸರು ೧೯೩೨ರಲ್ಲಿ ಕೊಟ್ಟ ಉತ್ತರ ಮೇಯೋದ ಹೆಂಗಸರದಕ್ಕಿಂತ ಬೇರೆ. ಅವರು ಕಲ್ಲು ಎಸೆಯಲಿಲ್ಲ; ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು.

ಗಾಂಧೀಜಿಯವರಿಗೆ ಬಂದ ಸಂದೇಹವೇ ಮುಂದೆ ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನೂ ಕಾಡಿತು. ೧೯೫೫ರ ಡಿಸೆಂಬರಿನಲ್ಲಿ ಮಾಂಟ್‌ಗಾಮರಿ ನಗರದ ಬಸ್ಸಿನಲ್ಲಿ ಬಿಳಿಯನಿಗೆ ಜಾಗ ಬಿಡಲೊಪ್ಪದ ರೋಸಾ ಪಾರ್ಕ್ಸ್ ಎಂಬ ಮಹಿಳೆಯನ್ನು ಬಂಧಿಸಿದಾಗ, ಅಲ್ಲಿಯ ಕರಿಯ ಜನ ೩೮೧ ದಿನ ಬಸ್ಸು ಹತ್ತದೆ ನಡೆದರು. ಬಾಯ್‌ಕಾಟ್ ಎಂಬ ಶಬ್ದ ತಮ್ಮ ಉದ್ದೇಶಕ್ಕೆ ತಕ್ಕುದೇ ಎಂದು ಕಿಂಗ್ ಆ ದಿನಗಳಲ್ಲಿ ತಮ್ಮನ್ನೇ ಕೇಳಿಕೊಂಡರು. ಬಸ್ಸಿನ ಕಂಪನಿಯನ್ನು ಮುಳುಗಿಸುವುದು ತಮ್ಮ ಗುರಿಯಲ್ಲ, ಕೆಡುಕಿನೊಡನೆ ಸಹಕರಿಸದಿರುವುದಷ್ಟೇ ತಾವು ಮಾಡುತ್ತಿರುವುದು ಎಂದು ಸಮಾಧಾನ ಕಂಡುಕೊಂಡರು.

ಅಂಬೇಡ್ಕರರ ಪ್ರಶ್ನೆ

ಗಾಂಧೀಜಿಯವರಿಗೆ ಜಾತಿ ಬಾಗಿಲು ಮುಚ್ಚಿದರೂ ಲಂಡನಿಗೆ ಹಡಗು ಇತ್ತು. ಹಡಗೂ ಇಲ್ಲದ, ಬೇರೆ ಊರೂ ಇಲ್ಲದ ಬಹಿಷ್ಕೃತರ ವಿಷಯವೇನು? ಈ ಪ್ರಶ್ನೆಯನ್ನು ಎತ್ತಿದವರು ಡಾಕ್ಟರ್ ಬಿ. ಆರ್. ಅಂಬೇಡ್ಕರ್. ೧೯೨೪ರಲ್ಲಿ 'ಬಹಿಷ್ಕೃತ ಹಿತಕಾರಿಣೀ ಸಭಾ' ಎಂಬ ಸಂಸ್ಥೆಯನ್ನೂ, ೧೯೨೭ರಲ್ಲಿ ‘ಬಹಿಷ್ಕೃತ ಭಾರತ’ ಎಂಬ ಪತ್ರಿಕೆಯನ್ನೂ ಅವರು ಸ್ಥಾಪಿಸಿದರು. ದೇಶವೆಲ್ಲ ಬಹಿಷ್ಕಾರವನ್ನು ಸ್ವಾತಂತ್ರ್ಯದ ಮಂತ್ರವೆಂದು ಜಪಿಸುತ್ತಿದ್ದ ಕಾಲದಲ್ಲಿ ಅವರು ಅದೇ ಶಬ್ದವನ್ನು ಕರ್ಮದ ಕಡೆಯಿಂದ ನೋಡಿದರು: ಹೊರಗಿಡುವವರ ಕಡೆಯಿಂದಲ್ಲ, ಹೊರಗಾದವರ ಕಡೆಯಿಂದ.

೧೯೨೮ರಲ್ಲಿ ಮುಂಬಯಿ ಸರ್ಕಾರ ನೇಮಿಸಿದ ಸಮಿತಿಯೊಂದರಲ್ಲಿ ಅಂಬೇಡ್ಕರರೂ ಸದಸ್ಯರು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರದ ಸೀಮೆಗಳು ಅಂದು ಆ ಪ್ರಾಂತದಲ್ಲಿಯೇ ಇದ್ದವು. ಅಸ್ಪೃಶ್ಯರು ತಮ್ಮ ಹಕ್ಕನ್ನು ಕೇಳಲು ಹೊರಟೊಡನೆ ಹಳ್ಳಿಯ ಬಲಿಷ್ಠರು ಅವರಿಗೆ ಕೂಲಿಯನ್ನು ನಿಲ್ಲಿಸುತ್ತಾರೆ, ಗೇಣಿಯ ಜಮೀನನ್ನು ಬಿಡಿಸುತ್ತಾರೆ, ದಾರಿಯನ್ನು ಮುಚ್ಚುತ್ತಾರೆ, ಅಂಗಡಿಯಲ್ಲಿ ಸಾಮಾನು ಕೊಡುವುದಿಲ್ಲ ಎಂಬುದನ್ನು ಸಮಿತಿಯ ವರದಿ ದಾಖಲಿಸಿತು. ಲಾಖ್ ಮಾಸ್ಕಿನಲ್ಲಿ ನಡೆದುದೂ ಹೊರನೋಟಕ್ಕೆ ಇದೇ. ಆದರೆ ಅಲ್ಲಿ ಜಮೀನು ಬಿಡಿಸುವವನ ಮೇಲೆ ಬಿದ್ದ ಏಟು, ಇಲ್ಲಿ ಜಮೀನು ಕಳೆದುಕೊಳ್ಳುವವನ ಮೇಲೆಯೇ ಬೀಳುತ್ತಿತ್ತು.

೧೯೩೦ರಲ್ಲಿ ಲಂಡನಿನ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಅಂಬೇಡ್ಕರರೂ ಮದರಾಸಿನ ಆರ್. ಶ್ರೀನಿವಾಸನ್ ಅವರೂ ಒಂದು ಮನವಿಯನ್ನು ಸಲ್ಲಿಸಿದರು. ಬಾಯ್‌ಕಾಟನ್ನು ಶಿಕ್ಷಾರ್ಹ ಅಪರಾಧವಾಗಿಸಬೇಕೆಂಬುದು ಅದರಲ್ಲಿ ಒಂದು ಬೇಡಿಕೆ. ಮನೆ ಜಮೀನುಗಳನ್ನು ಕೊಡದಿರುವುದು, ಕೂಲಿಗೆ ಕರೆಯದಿರುವುದು, ವ್ಯಾಪಾರ ನಿಲ್ಲಿಸುವುದು, ರೂಢಿಯ ಸಂಬಂಧಗಳನ್ನು ಕಡಿದುಕೊಳ್ಳುವುದು ಎಲ್ಲವನ್ನೂ ಒಳಗೊಂಡ ವ್ಯಾಖ್ಯೆಯೊಂದನ್ನು ಅವರು ಒದಗಿಸಿದರು. ಅದನ್ನು ಬಹುಮಟ್ಟಿಗೆ ಆರಿಸಿಕೊಂಡದ್ದು ೧೯೨೨ರ ಬರ್ಮಾ ಬಾಯ್‌ಕಾಟ್ ವಿರೋಧಿ ಶಾಸನದಿಂದ. ಅಂದು ಭಾರತದ ಪ್ರಾಂತವಾಗಿದ್ದ ಬರ್ಮಾದಲ್ಲಿ ರಾಷ್ಟ್ರೀಯ ಚಳವಳಿಯ ಬಹಿಷ್ಕಾರವನ್ನು ಅಡಗಿಸಲು ಸರ್ಕಾರ ಆ ಶಾಸನವನ್ನು ಮಾಡಿತ್ತು. ಆಳುವವರು ತಮ್ಮ ರಕ್ಷಣೆಗೆಂದು ಹೊಲಿಸಿದ ಕವಚವನ್ನು ಅಂಬೇಡ್ಕರರು ದಿಕ್ಕಿಲ್ಲದವರಿಗೆ ತೊಡಿಸಬಯಸಿದರು.

ಆ ಬೇಡಿಕೆ ಈಡೇರಲು ಬಹುಕಾಲ ಹಿಡಿಯಿತು. ಸಂವಿಧಾನದ ೧೭ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಣ ದೌರ್ಜನ್ಯವನ್ನು ತಡೆಯುವ ೧೯೮೯ರ ಕಾಯಿದೆಗೆ ೨೦೧೫ರಲ್ಲಿ ಮಾಡಿದ ತಿದ್ದುಪಡಿ, ಅವರಿಗೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದನ್ನೂ ಹಾಕುತ್ತೇವೆಂದು ಬೆದರಿಸುವುದನ್ನೂ ಸ್ಪಷ್ಟವಾಗಿ ಅಪರಾಧಗಳ ಪಟ್ಟಿಗೆ ಸೇರಿಸಿತು. ಮಹಾರಾಷ್ಟ್ರವು ೨೦೧೬ರ ಕಾಯಿದೆಯಿಂದ ಯಾವ ಜಾತಿಯವರೇ ಆಗಲಿ, ಜಾತಿಪಂಚಾಯಿತಿಗಳು ಹಾಕುವ ಬಹಿಷ್ಕಾರದಿಂದ ಅವರಿಗೆ ರಕ್ಷಣೆ ಕೊಟ್ಟಿತು. ಒಬ್ಬ ಐರಿಷ್ ಪಾದ್ರಿ ಊಟದ ಹೊತ್ತಿನಲ್ಲಿ ಬಡವರಿಗಾಗಿ ಹುಡುಕಿದ ಮಾತು, ಹೀಗೆ ಬಡವರನ್ನು ಕಾಯಲೆಂದೇ ದಂಡಸಂಹಿತೆಯ ಮಾತೂ ಆಯಿತು.

ಆದ್ದರಿಂದ ಈ ಕ್ರಿಯಾಪದದ ಅರ್ಥ ನಿಘಂಟಿನಿಂದಷ್ಟೇ ತಿಳಿಯುವಂಥದಲ್ಲ. ‘ಒಟ್ಟಾಗಿ ಸಂಬಂಧವನ್ನು ಕಡಿದುಕೊಳ್ಳು’ ಎಂದು ನಿಘಂಟು ಹೇಳಬಹುದು. ಆದರೆ ಕರ್ತೃ ಯಾರು, ಕರ್ಮ ಯಾರು ಎಂಬುದನ್ನು ವಾಕ್ಯವೇ ಹೇಳಬೇಕು. ಬಾಯ್‌ಕಾಟನಿಗೆ ಊರು ಬೆನ್ನು ತಿರುಗಿಸಿದಾಗ ಅವನ ಕಾಗದವನ್ನು ಅಚ್ಚುಹಾಕಲು ಲಂಡನಿನ ಪತ್ರಿಕೆಯಿತ್ತು, ಗೆಡ್ಡೆ ಕೀಳಲು ಐವತ್ತು ಜನರಿದ್ದರು, ಕಾವಲಿಗೆ ಸೈನ್ಯವಿತ್ತು, ಹಿಂತಿರುಗಲು ಇಂಗ್ಲೆಂಡಿತ್ತು. ಪತ್ರಿಕೆಯಲ್ಲಿ ‘ಬಹಿಷ್ಕಾರ’ವೆಂಬ ತಲೆಬರಹ ಕಂಡಾಗ ಓದುಗರು ಕೇಳಬೇಕಾದ ಪ್ರಶ್ನೆ ಅಲ್ಲಿಯೇ ಇದೆ: ಯಾರು ಯಾರನ್ನು ಹೊರಗಿಟ್ಟರು? ಹೊರಗಾದವರಿಗೆ ನೀರು ಸೇದಲು ಬೇರೆ ಬಾವಿ ಇದೆಯೆ?